ಮಡಂತ್ಯಾರಿನಲ್ಲಿ ಆಫ್

ಬಂಟ್ವಾಳ ಪೇಟೆಯ ರಮಾನಾಥ ಕೊಡೆ ಮಾರುವವನಾದರೂ ಯಾರು ಏನು ಕೇಳಿದರೂ ‘ಕೊಡೆ’ ಎಂದವನಲ್ಲ. ಮಳೆಗಾಲ ಬಂತೆಂದರೆ ಎಲ್ಲಕ್ಕೂ ಹೊದಿಕೆ ಹಾಕುವುದು ಅವನ ಚಾಳಿ: ಬಾವಿಯ ಪಂಪಿಗೆ, ಅಂಗಡಿಯ ಬೋರ್ಡಿಗೆ, ತನ್ನ ಬೋಳುತಲೆಗೆ. ಈ ಸಲ ಹಳೆಯ ಕಾರಿನ ಪೆಟ್ರೋಲ್ ಟ್ಯಾಂಕಿಗೂ ನೀರಿಳಿದೀತೆಂದು ಮುಚ್ಚಳದ ಕೆಳಗೊಂದು ಪ್ಲಾಸ್ಟಿಕ್ ಬಿಗಿದ. ಅಂದಿನಿಂದ ಕಾರು ಓಡುತ್ತ ಓಡುತ್ತಲೇ ನಿಲ್ಲತೊಡಗಿತು. ಮೆಕ್ಯಾನಿಕ್ ಹನೀಫಾ ಪ್ಲಗ್ ಒರೆಸಿದ, ಕಾರ್ಬುರೇಟರ್ ತೊಳೆದ. ಕೊನೆಗೆ, ಈ ಕಾರಿಗೆ ನಿಲ್ಲಲು ಕಾರಣವೇ ಬೇಡ ಎಂದು ಕೈಚೆಲ್ಲಿದ.

ಅದೇ ಕಾರಿನಲ್ಲಿ ಅಣ್ಣ ಮುಂಡಪ್ಪನನ್ನು ಆಸ್ಪತ್ರೆಯಿಂದ ಉಜಿರೆಯ ಮನೆಗೆ ಸಾಗಿಸಬೇಕಾಯಿತು. ಇನ್ನು ಮಾಡುವುದೇನೂ ಇಲ್ಲ ಎಂದಿದ್ದರು ಡಾಕ್ಟರು. ತನ್ನ ಮನೆಯಲ್ಲೇ ಕಣ್ಣು ಮುಚ್ಚಬೇಕೆಂಬುದೊಂದೇ ಅಣ್ಣನ ಹಟ. ಆಂಬುಲೆನ್ಸಿನ ಕೂಗಿಗೆ ಹೆದರಿ ದಾರಿಯಲ್ಲೇ ಸಾಯುತ್ತೇನೆ, ನಿನ್ನ ಕಾರೇ ಆಗಬಹುದು ಎಂದಿದ್ದ. ರಮಾನಾಥನಿಗೆ ಅಳು ಬರಲಿಲ್ಲ, ಏನೂ ಬರಲಿಲ್ಲ. ಸ್ಟೇರಿಂಗ್ ಹಿಡಿದ ಕೈಗಳು ಬೇರೆ ಯಾರವೋ ಎಂಬಂತಿದ್ದವು.

ದಾರಿಯ ನಡುವೆ ಮಡಂತ್ಯಾರಿನಲ್ಲಿ ಕಾರು ನಿಂತಿತು. ಹಿಂದಿನ ಸೀಟಿನಲ್ಲಿ ಅಣ್ಣನಿಗೆ ನಿದ್ದೆ. ತಡವಾದೀತೆಂದು ತಿಳಿಸಲು ಅತ್ತಿಗೆ ಜಲಜಾಕ್ಷಿಗೆ ಫೋನು ಹಚ್ಚಿದ.

“ಅತ್ತಿಗೆ, ಮಡಂತ್ಯಾರಿನಲ್ಲಿ ಆಫ್.”

ಅತ್ತಿಗೆಯ ಸ್ವರ ಇಳಿಯಿತು. “ಕಷ್ಟ ಆಯ್ತಾ?”

“ಇಲ್ಲ. ಒಮ್ಮೆ ಕೆಮ್ಮಿದ ಹಾಗೆ ಆಯ್ತು. ಮತ್ತೆ ಶಬ್ದವೇ ಇಲ್ಲ.”

ಫೋನು ಕಡಿದುಹೋಯಿತು. ನಮ್ಮ ಕಡೆ ಕಾರು ನಿಂತರೂ ಆಫ್, ಮನುಷ್ಯರು ಸತ್ತರೂ ಆಫ್. ಯಾವುದೆಂದು ಬಿಡಿಸಿ ಹೇಳುವುದು ಮರಗಟ್ಟಿದ ಅವನ ತಲೆಗೆ ಹೊಳೆಯಲಿಲ್ಲ.

ಬಹಳ ಹೊತ್ತು ಬಾನೆಟ್ಟಿನೊಳಗೆ ಸುಮ್ಮನೆ ನೋಡುತ್ತ ನಿಂತ. ಕೊನೆಗೆ, ಪೆಟ್ರೋಲಾದರೂ ಉಂಟೋ ಎಂದು ಟ್ಯಾಂಕಿನ ಮುಚ್ಚಳ ತಿರುಗಿಸಿ ಪ್ಲಾಸ್ಟಿಕ್ ಎಳೆದ. ‘ಸ್ಸ್’ ಎಂದು ಟ್ಯಾಂಕು ಗಾಳಿ ಎಳೆದುಕೊಂಡಿತು. ತಾನು ಬಿಗಿದ ಹೊದಿಕೆ ಒಳಗೆ ಗಾಳಿ ಹೋಗದಂತೆ ಮಾಡಿ, ಎಂಜಿನಿಗೆ ಪೆಟ್ರೋಲ್ ಇಳಿಯದಂತೆ ತಡೆದಿತ್ತು. ಪ್ಲಾಸ್ಟಿಕ್ ಎಸೆದು ಕೀಲಿ ತಿರುಗಿಸಿದರೆ ಒಂದೇ ಏಟಿಗೆ ಸ್ಟಾರ್ಟ್. ಉಜಿರೆಯ ತನಕ ಒಮ್ಮೆಯೂ ಕೆಮ್ಮಲಿಲ್ಲ.

ಮನೆಯ ಅಂಗಳದಲ್ಲಿ ಊರಿಗೆ ಊರೇ ಸೇರಿತ್ತು. ಚಿತೆಗೆಂದು ಮಾವಿನ ಮರ ಕಡಿದು ಉರುಳಿಸಿಯಾಗಿತ್ತು. ಕಾರಿನ ಬಾಗಿಲು ತೆರೆದು ಮುಂಡಪ್ಪ ಮೆಲ್ಲನೆ ಕಾಲು ಹೊರಗಿಟ್ಟಾಗ ಕೊಡಲಿ ಹಿಡಿದಿದ್ದ ನೆರೆಮನೆಯ ಜತ್ತಪ್ಪ ಎರಡು ಹೆಜ್ಜೆ ಹಿಂದೆ ಸರಿದ.

ಮುಂಡಪ್ಪ ಮರ ನೋಡಿದ, ಜನ ನೋಡಿದ, ಹೆಂಡತಿಯನ್ನು ನೋಡಿದ.

“ಇಷ್ಟು ಅವಸರ ಎಂತದು ಮಾರಾಯ್ತಿ?”

“ನಿಮ್ಮ ತಮ್ಮನೇ ಫೋನು ಮಾಡಿದ್ದು,” ಎಂದು ಜಲಜಾಕ್ಷಿ ಗೋಡೆಗೆ ಒರಗಿ ಕುಳಿತುಬಿಟ್ಟಳು.

ಮುಂಡಪ್ಪ ದಿಮ್ಮಿಯನ್ನು ಬೆರಳಿನಿಂದ ಒತ್ತಿ ನೋಡಿದ. “ಹಸಿ ಉಂಟು. ಒಣಗುವವರೆಗೆ ಒಳಗೆ ಮಲಗ್ತೇನೆ.”

ರಮಾನಾಥನಿಗೆ ನಗುವೂ ಬರಲಿಲ್ಲ. ಹೆಗಲು ಕೊಡಲೆಂದು ಬಂದಿದ್ದವರೇ ಅವನ ಅಣ್ಣನನ್ನು ತೋಳು ಹಿಡಿದು ಒಳಗೆ ನಡೆಸಿದರು.