ಕುಕ್ಕರಿನ ಎರಡು ಕೂಗು

ಮೊನ್ನೆ ನಾಗರಬಾವಿಯಲ್ಲಿ ನನ್ನ ರಾಕ್ ಷೋ ಮುಗಿದ ಮೇಲೆ ಕಾಲೇಜು ಹುಡುಗಿಯೊಬ್ಬಳು ಬಂದಳು. "ಸಾರ್, ನಿಮ್ಮ ಮೊದಲನೇ ಆಲ್ಬಮ್ಮಲ್ಲಿ ಗಿಟಾರ್ ಮಧ್ಯೆ ಏನೋ ಕಿರುಚುತ್ತಲ್ಲ, ಅದು ಯಾವ ಕೀಬೋರ್ಡು? ಎಷ್ಟು ಟ್ರೈ ಮಾಡಿದ್ರೂ ನಂಗೆ ಬರ್ತಿಲ್ಲ."

"ಕುಕ್ಕರ್ ಕಣಮ್ಮ" ಅಂದೆ. ತಮಾಷೆ ಅಂದುಕೊಂಡು ನಕ್ಕಳು.

ಇಪ್ಪತ್ತು ವರ್ಷದ ಹಿಂದೆ ವಿಜಯನಗರದ ಬಾಡಿಗೆ ರೂಮಲ್ಲಿ, ಹೊರಗಿನ ಸದ್ದು ಬರದಿರಲಿ ಅಂತ ಗೋಡೆಗೆ ಹಾಸಿಗೆ ಒರಗಿಸಿ ಆ ಆಲ್ಬಮ್ ರೆಕಾರ್ಡ್ ಮಾಡಿದ್ದೆ. ಗೋಡೆಯ ಆಚೆಗೇ ಓನರ್ ಆಂಟಿಯ ಅಡುಗೆಮನೆ. ಆ ಮನೆ ಈಗಿಲ್ಲ, ಆಂಟಿ ಕೆಂಗೇರಿಯಲ್ಲಿದ್ದಾರೆ. ಫೋನ್ ಮಾಡಿ, ಅವರ ಕುಕ್ಕರ್ ನನ್ನ ಹಾಡಲ್ಲಿ ಸೇರಿಕೊಂಡಿರೋದನ್ನು ಹೇಳಿದೆ.

"ಎಷ್ಟು ಕೂಗು ಬಂದಿದೆಯೋ?"

"ಎರಡು, ಆಂಟಿ."

"ಎರಡೇನಾ? ನಿನ್ನ ರೆಕಾರ್ಡಿಂಗ್ ನೆನಪಾಗಿ ಒಲೆ ಆರಿಸಿರ್ತೀನಿ. ನೀನು ಬಾಗಿಲು ಹಾಕ್ಕೊಂಡಾಗೆಲ್ಲ ಅದೇ ಕತೆ. ಬೇಯದ ಬೇಳೆ ಸಾರಲ್ಲಿ ನಿಮ್ಮ ಅಂಕಲ್ ಎಷ್ಟು ಸಲ ಊಟ ಮಾಡಿದಾರೋ."

ಆ ಆಲ್ಬಮ್ಮಿನ ಕವರಿನ ಹಿಂಬದಿಯಲ್ಲಿ 'ಯಾರ ನೆರವೂ ಇಲ್ಲದೆ ಮಾಡಿದ್ದು' ಅಂತ ದಪ್ಪಕ್ಷರದಲ್ಲಿ ಹಾಕಿಸಿದ್ದೆ.