ಕೊನೆಯ ಗೋಡೆಯ ಪ್ರದಕ್ಷಿಣೆ

ಪರದೇಶದ ಈ ಪುಚೊಂಗ್‌ನ ಕನ್ನಡದವರಲ್ಲಿ ಯಾರನ್ನು ಕೇಳಿದರೂ ಚಾಮುಂಡಿಯ ಬಗ್ಗೆ ಮೊದಲು ಹೇಳುವುದು ಆಕೆಯ ಕಾಫಿಯ ವಿಷಯ, ಆಮೇಲೆ ಆಕೆಯ ಬಾಯಿಯ ವಿಷಯ. ಎರಡೂ ಸ್ಟ್ರಾಂಗ್. ಪೆಟಾಲಿಂಗ್ ಜಯಾದ ಒಂದು ಕಂಪನಿಯಲ್ಲಿ ಸಾಫ್ಟ್‌ವೇರಿನ ತಪ್ಪು ಹುಡುಕುವ ತಂಡಕ್ಕೆ ಆಕೆ ಮ್ಯಾನೇಜರ್. ಆ ಕೆಲಸಕ್ಕೆ ಸಂಬಳ ಬರುತ್ತದೆಂದು ಪುಕ್ಕಟೆ ಹುಡುಕುವುದನ್ನೇನೂ ನಿಲ್ಲಿಸಿಲ್ಲ. ನನ್ನ ಒಗ್ಗರಣೆ, ನನ್ನ ಮಗನ ಕನ್ನಡ, ನಮ್ಮ ಕಾಂಡೋ ಅಪಾರ್ಟ್‌ಮೆಂಟಿನ ಲಿಫ್ಟು, ಯಾವುದೂ ಆಕೆಯ ಕೈಯಲ್ಲಿ ಪಾಸಾಗಿಲ್ಲ. ಇಷ್ಟಾದರೂ ಹತ್ತು ವರ್ಷದಿಂದ ನಾನು ಆಕೆಯ ಸ್ನೇಹಿತೆ.

ಪ್ರತಿ ಶನಿವಾರ ಬೆಳಿಗ್ಗೆ ನಾವು ಬುಕಿತ್ ಗಾಸಿಂಗ್ ಗುಡ್ಡ ಹತ್ತುತ್ತೇವೆ. ಆಕೆ, ನಾನು, ಮತ್ತೆ ತ್ರಿವಿಕ್ರಮ. ಇವನು ನಂಜನಗೂಡಿನ ಪುರೋಹಿತರ ಮನೆಯ ಹುಡುಗ. ಹುಡುಗ ಅಂದರೂ ನಲವತ್ತಾಗಿದೆ. ಇಲ್ಲಿನ ಬ್ಯಾಂಕೊಂದರ ಐಟಿಯಲ್ಲಿದ್ದಾನೆ. ಗುಡ್ಡದಲ್ಲಿ ಯಾವಾಗಲೂ ಮುಂದೆ ಓಡುವವನು ಅವನೇ. ಇಳಿದ ಮೇಲೆ ಮಾಮಕ್ ಎಂಬ ತಿಂಡಿ ಅಂಗಡಿಯಲ್ಲಿ ಪರೋಟದಂಥ ರೊಟ್ಟಿ ಚನಾಯ್ ತಿನ್ನುವಾಗ ಚಾಮುಂಡಿ ತನ್ನ ಫ್ಲಾಸ್ಕಿನಿಂದ ಫಿಲ್ಟರ್ ಕಾಫಿ ಬಗ್ಗಿಸುತ್ತಾಳೆ. ಅಂಗಡಿಯವನು ನೋಡಿಯೂ ನೋಡದಂತೆ ಇರುತ್ತಾನೆ. ಯಾರಾದರೂ ತಲೆನೋವು ಎಂದರೆ ಆಕೆಯದು ಒಂದೇ ಮಾತು: "ಕಾಫಿ ಬಿದ್ದಿಲ್ಲ, ಅಷ್ಟೇ." ಕುಡಿದರೆ ನೋವು ಹೋಗುತ್ತಿತ್ತು. ಮೈಸೂರು ಸೀಮೆಯವರಾದ ನಮಗೆ ಅದರಲ್ಲಿ ಸಂಶಯವೇ ಇರಲಿಲ್ಲ.

ತ್ಸುಮ್ ಕಣಿವೆಯ ಹೆಸರು ನಮ್ಮ ಕಿವಿಗೆ ಬಿದ್ದದ್ದು ಕಾಂಡೋದ ಗೇಟಿನಲ್ಲಿ. ಅಲ್ಲಿನ ಗಾರ್ಡ್ ಪೆಂಬಾ ನೇಪಾಳದವನು. ತನ್ನ ಕಣಿವೆಯಲ್ಲಿ ಎಲ್ಲರೂ ಬುದ್ಧನ ಒಕ್ಕಲು, ಒಂದು ಕೋಳಿಯನ್ನೂ ಕೊಲ್ಲುವುದಿಲ್ಲ, ಕಣಿವೆಯ ಕೊನೆಯಲ್ಲಿ ಗೊಂಪಾ ಎನ್ನುವ ಒಂದು ಬೌದ್ಧ ಮಠ ಇದೆ, ಅದರಾಚೆ ಟಿಬೆಟ್ ಎಂದು ಅವನು ಹಿಂದಿಯಲ್ಲಿ ವರ್ಣಿಸಿದ. ಚಾಮುಂಡಿ ಅಲ್ಲೇ ನಿಂತು ತೀರ್ಮಾನ ಮಾಡಿದಳು. ಮೊಣಕಾಲಿನ ಡಾಕ್ಟರು, "ಹೋಗುವುದಾದರೆ ಈ ವರ್ಷವೇ ಹೋಗಿ. ಆಮೇಲೆ ಇಂಥ ನಡಿಗೆ ಈ ಮಂಡಿಗಳಿಂದ ಆಗುವುದು ಅನುಮಾನ" ಎಂದಿದ್ದರು. ಅದನ್ನು ಆಕೆ ನನಗೊಬ್ಬಳಿಗೇ ಹೇಳಿದಳು. ಉಳಿದವರಿಗೆಲ್ಲ ಕನ್ನಡದವರ ಗ್ರೂಪಿನಲ್ಲಿ ಹಾಕಿದ ಮೆಸೇಜು ಬೇರೆ: "ಕೊನೇ ಗೊಂಪಾದಲ್ಲಿ ದೀಪ ಹಚ್ಚಿ ಬರ್ತೀನಿ. ಫೋಟೋ ಹಾಕ್ತೀನಿ."

ನಾವು ಮೂವರೂ ಹೊರಡುವ ದಿನ ತ್ರಿವಿಕ್ರಮನ ಹೆಂಡತಿ ಗಾನವಿ ಕಾರಿನವರೆಗೂ ಬಂದಳು. ಅವಳು ಹೆಚ್ಚು ಮಾತಿನವಳಲ್ಲ.

"ಅಕ್ಕಾ, ಇವ್ರು ನನ್ ಮಾತು ಕೇಳಲ್ಲ. ನಿಮ್ಗೇ ಸ್ವಲ್ಪ ಹೆದ್ರೋದು. ನೋಡ್ಕೊಳ್ಳಿ."

"ನನ್ ಜೊತೆ ಬಂದೋರು ಹಾಳಾದ್ದುಂಟೇನೇ? ಆರಾಮಾಗಿ ನಿದ್ದೆ ಮಾಡು," ಎಂದಳು ಚಾಮುಂಡಿ.

ಅಕ್ಟೋಬರ್ ತಿಂಗಳು. ನದಿಯ ಕೊರಕಲಿನಲ್ಲಿ ದಿನಗಟ್ಟಲೆ ನಡೆದ ಮೇಲೆ ಕಣಿವೆ ಬಾಯಿ ತೆರೆಯಿತು. ಎರಡೂ ಕಡೆ ಹಿಮದ ಬೆಟ್ಟ, ನಡುವೆ ಕೊಯ್ಲಾದ ಜವೆಗೋಧಿಯ ಹೊಲ, ಕಲ್ಲಿನ ಮನೆಗಳು. ನನಗೆ ಕಣ್ಣಲ್ಲಿ ನೀರು ಬಂತು. ಪುಚೊಂಗ್‌ನಲ್ಲಿ ಕಿಟಕಿ ತೆಗೆದರೆ ಹೈವೇ ಕಾಣುವವಳಿಗೆ ಅಷ್ಟು ಮೌನ ಒಮ್ಮೆಲೇ ಸಿಕ್ಕರೆ ಇನ್ನೇನಾಗುತ್ತದೆ?

ದಾರಿಯುದ್ದಕ್ಕೂ ಮಣಿ ಗೋಡೆಗಳಿದ್ದವು. ಮಂತ್ರ ಕೊರೆದ ಚಪ್ಪಟೆ ಕಲ್ಲುಗಳನ್ನು ಪೇರಿಸಿ ಕಟ್ಟಿದ, ಎದೆಯೆತ್ತರದ ಉದ್ದನೆಯ ಗೋಡೆಗಳು. ಪ್ರತಿ ಗೋಡೆಯ ಬಳಿ ದಾರಿ ಎರಡಾಗಿ ಒಡೆದು, ಗೋಡೆ ಮುಗಿದ ಮೇಲೆ ಮತ್ತೆ ಒಂದಾಗುತ್ತದೆ. ಗೋಡೆ ಯಾವಾಗಲೂ ನಮ್ಮ ಬಲಕ್ಕಿರಬೇಕು. ಹಾಗಾಗಿ ಹೋಗುವಾಗ ಒಂದು ದಾರಿ, ಬರುವಾಗ ಇನ್ನೊಂದು. ನಮ್ಮ ಗೈಡ್ ಪಾಸಾಂಗ್ ಇದನ್ನು ಹೇಳುವ ಮೊದಲೇ ತ್ರಿವಿಕ್ರಮ ಪಾಠ ಶುರು ಮಾಡಿದ್ದ.

"ಇದು ನಮ್ ಪ್ರದಕ್ಷಿಣೇನೇ ಅಕ್ಕ. ಹೋಗ್ತಾ ಅರ್ಧ, ವಾಪಸ್ ಬಂದ್ರೆ ಪೂರ್ತಿ. ಶರ್ಮಿಳಾ, ಆ ಕಡೆ ಅಲ್ಲ, ಈ ಕಡೆ ಬನ್ನಿ."

ನಾನು ಫೋಟೋ ತೆಗೆಯಲು ಒಂದು ಹೆಜ್ಜೆ ಆಚೆ ಇಟ್ಟರೂ ಕರೆದು ಸರಿಮಾಡುತ್ತಿದ್ದ. ಒಂದು ಸಲ ಪೋರ್ಟರ್‌ನ ಹೇಸರಗತ್ತೆಗೂ ಬುದ್ಧಿ ಹೇಳಿದ. ಕೊನೆಯ ಹಳ್ಳಿ ತಲುಪುವ ಹೊತ್ತಿಗೆ ಅವನ ಉಪದೇಶ ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿತ್ತು.

ಆ ಸಂಜೆ ತಲೆ ಹಿಡಿದುಕೊಂಡು ಕೂತದ್ದು ಮಾತ್ರ ಅವನು. ಚಾಮುಂಡಿ ಕೂಡಲೇ ಚೀಲದಿಂದ ಸ್ಟೀಲಿನ ಪುಟ್ಟ ಫಿಲ್ಟರ್ ತೆಗೆದಳು. ಬ್ರಿಕ್‌ಫೀಲ್ಡ್ಸ್‌ನಲ್ಲಿ ಕೊಂಡ ಪುಡಿ, ಅಲ್ಲಿನ ಯಾಕ್ ದನದ ಹಾಲು.

"ಬೆಳಿಗ್ಗೆಯಿಂದ ಕಾಫಿ ಇಲ್ಲ. ನೋಯ್ದೆ ಇನ್ನೇನು? ಕುಡಿ."

ಕುಡಿದ. ಸ್ವಲ್ಪ ಕಡಿಮೆ ಆಯಿತು ಎಂದ. ಪಾಸಾಂಗ್ ಅವನ ಮುಖವನ್ನೇ ನೋಡುತ್ತ, ಇದು ಎತ್ತರದ ಜಾಗದಲ್ಲಿ ಗಾಳಿ ಸಾಲದೆ ಬರುವ ತಲೆನೋವೂ ಇರಬಹುದು, ನಾಳೆ ಇಲ್ಲೇ ಇರೋಣ ಎಂದ. ತ್ರಿವಿಕ್ರಮ ನಕ್ಕುಬಿಟ್ಟ. "ಕಾಫಿ ಕುಡಿಯೋರ ಕಷ್ಟ ಇವನಿಗೇನು ಗೊತ್ತು ಅಕ್ಕ?" ಚಾಮುಂಡಿಯೂ ನಕ್ಕಳು. ನಾನೂ ನಕ್ಕೆ.

ಮರುದಿನ ಬೆಳಿಗ್ಗೆ ಇನ್ನೊಂದು ಲೋಟ ಕುಡಿಸಿ ಹೊರಟೆವು. ಸ್ವಲ್ಪ ಹತ್ತಿದ್ದೇ ತಡ, ಎದುರಿನ ಬೆಟ್ಟದ ಹೆಗಲಿನಲ್ಲಿ ಗೊಂಪಾ ಕಂಡಿತು. ಬಿಳಿ ಗೋಡೆ, ಕೆಂಪು ಅಂಚು. ಮಧ್ಯಾಹ್ನದೊಳಗೆ ಅಲ್ಲಿ ಎಂದ ಪಾಸಾಂಗ್. ಚಾಮುಂಡಿ ಒಂದು ಕೈ ಮಂಡಿಯ ಮೇಲಿಟ್ಟು ಸುಮ್ಮನೆ ನೋಡಿದಳು. ಆಕೆ ಅಷ್ಟು ಹೊತ್ತು ಬಾಯಿ ಮುಚ್ಚಿ ನಿಂತದ್ದನ್ನು ನಾನು ಮೊದಲ ಸಲ ಕಂಡೆ.

ಗೊಂಪಾಗೆ ಮುಂಚಿನ ಕೊನೆಯ ಮಣಿ ಗೋಡೆ ಅಲ್ಲೇ ಇತ್ತು. ನಾವು ಎಡದ ದಾರಿ ಹಿಡಿದು ದಾಟಿ, ಮೇಲಿನ ತುದಿಯಲ್ಲಿ ನಿಂತು ತಿರುಗಿ ನೋಡಿದೆವು. ಯಾವಾಗಲೂ ಮುಂದಿರುವ ತ್ರಿವಿಕ್ರಮ ಅಂದು ಹಿಂದೆ ಬಿದ್ದಿದ್ದ. ಅವನು ಗೋಡೆಯ ಆಚೆ ಬದಿಯಿಂದ ಬರುತ್ತಿದ್ದ. ಗೋಡೆ ಅವನ ಎಡಕ್ಕಿತ್ತು. ನನಗೆ ಖುಷಿಯಾಯಿತು, ಸಿಕ್ಕಿಬಿದ್ದ ನೋಡು ಎಂದು ರೇಗಿಸಲು ಬಾಯಿ ತೆರೆದೆ. ಚಾಮುಂಡಿ ನನ್ನ ಕೈ ಹಿಡಿದು ತಡೆದಳು.

"ಸುಮ್ನಿರು. ಅವ್ನಿಗೆ ಗೊತ್ತೇ ಆಗಿಲ್ಲ."

ಹತ್ತಿರ ಬಂದವನನ್ನು ಆಕೆ ಕೇಳಿದಳು. "ಯಾವ ಕಡೆಯಿಂದ ಬಂದೆ, ತ್ರಿವಿಕ್ರಮ?"

"ಯಾವ ಕಡೆ ಅಂದ್ರೆ? ಸರಿಯಾದ ಕಡೆಯಿಂದಾನೇ," ಎಂದ. ಮಾತು ತೊದಲುತ್ತಿತ್ತು. ನೇರ ಗೆರೆಯ ಮೇಲೆ ನಡೆ ಎಂದು ಪಾಸಾಂಗ್ ಹೇಳಿದಾಗ ಕುಡಿದವನಂತೆ ಪಕ್ಕಕ್ಕೆ ವಾಲಿದ.

ಈಗಲೇ ಇಳಿಯಬೇಕು, ಇಲ್ಲವಾದರೆ ಜೀವಕ್ಕೆ ಅಪಾಯ ಎಂದ ಪಾಸಾಂಗ್. ತ್ರಿವಿಕ್ರಮ ಬಂಡೆಯ ಮೇಲೆ ಕೂತುಬಿಟ್ಟ. ಗೊಂಪಾ ಎದುರಿಗೇ ಇದೆ, ನಾನು ಇಳಿಯಲ್ಲ, ನೀವು ಹೋಗಿ, ನಾನು ಹಿಂದೆ ಬರ್ತೀನಿ ಎಂದು ಹಠ ಹಿಡಿದ. ಪಾಸಾಂಗ್ ತೋಳು ಹಿಡಿದರೆ ಕೊಸರಿಕೊಂಡ. ಆ ಆಳನ್ನು ಎತ್ತಿಕೊಂಡು ಇಳಿಯುವುದು ಯಾರಿಂದಲೂ ಆಗದ ಮಾತು.

ನಾನು ಚಾಮುಂಡಿಯ ಕಿವಿಯಲ್ಲಿ ಹೇಳಿದೆ. "ಗೈಡೂ ಪೋರ್ಟರೂ ಹೇಗಾದ್ರೂ ಇಳಿಸ್ತಾರೆ. ದಾರಿ ಕಾಣಿಸ್ತಿದೆ, ನಾವಿಬ್ರು ಹೋಗೋಣ. ನಿಮ್ಗೆ ಇನ್ನೊಂದ್ ಸಲ ಆಗುತ್ತಾ?"

"ಅವ್ರ ಮಾತು ಕೇಳಲ್ಲ ಅವ್ನು. ಕಾಫಿ ಅಂದೋಳು ನಾನು. ನಾನೇ ಇಳಿಸ್ಬೇಕು."

ಆಕೆ ಗೊಂಪಾದ ಕಡೆ ಇನ್ನೊಮ್ಮೆ ನೋಡಿದಳು. ಆಮೇಲೆ ತ್ರಿವಿಕ್ರಮನ ಎದುರು ನಿಂತು, ಆಫೀಸಿನಲ್ಲಿ ಕಿರಿಯರ ಕೆಲಸ ವಾಪಸ್ ಕಳಿಸುವ ದನಿಯಲ್ಲಿ ಹೇಳಿದಳು. "ಅಪ್ರದಕ್ಷಿಣೆ ಬಂದಿದೀಯ. ಗೋಡೆ ಎಡಗಡೆ ಇಟ್ಕೊಂಡು. ನಂಜನಗೂಡಿನವನು ನೀನು. ಹೀಗೇ ಹೋಗ್ತೀಯಾ ಒಳಗೆ?"

ಅವನ ಮುಖ ಬಿಳಚಿಕೊಂಡಿತು. ಗೋಡೆ ನೋಡಿದ, ತನ್ನ ಕೈಗಳನ್ನು ನೋಡಿಕೊಂಡ. ಯಾವುದು ಎಡ ಯಾವುದು ಬಲ ಎಂದು ತಿಳಿಯಲು ಅವನಿಗೆ ಅಷ್ಟು ಹೊತ್ತು ಬೇಕಾಯಿತು.

"ಅಯ್ಯೋ. ಹೌದಲ್ಲ ಅಕ್ಕ."

"ಎದ್ದೇಳು. ಬಂದ ದಾರೀಲೇ ಇಳಿದು ಸರಿ ಮಾಡ್ಕೊ. ನಂದೂ ಉಳಿದರ್ಧ ಆಗುತ್ತೆ. ನನ್ ಹಿಂದೇನೇ ಬಾ."

ತಲೆನೋವಿಗೆ ಏಳದವನು ಪ್ರದಕ್ಷಿಣೆಗೆ ಎದ್ದ. ಚಾಮುಂಡಿ ಮುಂದೆ, ಪಾಸಾಂಗನ ಹೆಗಲಿಗೆ ಒರಗಿಕೊಂಡು ಅವನು ಹಿಂದೆ. ಗೋಡೆ ಬಲಕ್ಕಿತ್ತು. ನಡುವೆ ಒಮ್ಮೆ ಆಕೆ ತಿರುಗಿ ಮೊಬೈಲಿನಲ್ಲಿ ಅವನ ಫೋಟೋ ತೆಗೆದಳು. ಗೋಡೆಯ ಕೆಳತುದಿಗೆ ಬಂದಾಗ ಅವನು ಮತ್ತೆ ಮೇಲಕ್ಕೆ ತಿರುಗಬೇಕೆಂದು ನಿಂತ. ಆಕೆ ನಿಲ್ಲಲಿಲ್ಲ. "ಬಾ," ಎಂದಳು, "ಕೆಳಗೆ ಇನ್ನೂ ಗೋಡೆಗಳಿವೆ, ಎಲ್ಲ ಅರ್ಧರ್ಧ ಬಿಟ್ ಬಂದಿದೀವಿ." ಅವನು ಹಿಂಬಾಲಿಸಿದ. ಹಾಗೆ ಒಂದೊಂದೇ ಗೋಡೆ ತೋರಿಸಿ ಸಂಜೆಯ ಹೊತ್ತಿಗೆ ಅವನನ್ನು ಎಷ್ಟೋ ಕೆಳಗಿನ ಊರಿಗೆ ಇಳಿಸಿದಳು. ನಾನು ಕೊನೆಯಲ್ಲಿ ನಡೆಯುತ್ತ ದಾರಿಯುದ್ದಕ್ಕೂ ಅವನನ್ನು ಶಪಿಸಿದೆ. ಆಕೆಯ ಬಲಗಾಲು ಎಳೆಯುತ್ತಿದ್ದುದು ನನಗೆ ಮಾತ್ರ ಕಾಣುತ್ತಿತ್ತು.

ಬೆಳಗಾಗುವಷ್ಟರಲ್ಲಿ ಅವನು ಚೇತರಿಸಿಕೊಂಡ. ಮಾತು ನೆಟ್ಟಗಾಯಿತು. ಆದದ್ದೆಲ್ಲ ಅರ್ಥವಾದ ಮೇಲೆ ತಲೆತಗ್ಗಿಸಿ ಕೂತ.

"ನನ್ನಿಂದ ನೀವು ಗೊಂಪಾ ನೋಡೋಕಾಗ್ಲಿಲ್ಲ ಅಕ್ಕ."

"ಗೊಂಪಾಗೂ ನನ್ನ ನೋಡೋಕಾಗ್ಲಿಲ್ಲ. ಅದೇನು ಅಳ್ತಾ ಕೂತಿದ್ಯಾ? ಏಳು, ಹಲ್ಲುಜ್ಜು."

ಪುಚೊಂಗ್‌ಗೆ ಬಂದ ಮೇಲೆ ಆಕೆ ಗ್ರೂಪಿಗೆ ಒಂದೇ ಫೋಟೋ ಹಾಕಿದಳು. ಕಲ್ಲಿನ ಗೋಡೆ, ಪಕ್ಕದಲ್ಲಿ ಮುಖ ಊದಿಸಿಕೊಂಡು ಇಳಿಯುತ್ತಿರುವ ತ್ರಿವಿಕ್ರಮ. ಗೊಂಪಾ ಎಲ್ಲಿ, ದೀಪ ಎಲ್ಲಿ ಎಂದು ಎಲ್ಲರೂ ಕೇಳಿದರು. "ಗೊಂಪಾ ಎಲ್ಲೂ ಹೋಗಲ್ಲ ಲಾ," ಎಂದು ಇಲ್ಲಿನವರ ಮಾತಿನ 'ಲಾ' ಸೇರಿಸಿ ಬರೆದಳು. ಮಂಡಿಯ ಆಪರೇಷನ್‌ಗೆ ದಿನ ಗೊತ್ತಾಗಿದ್ದು ಆ ವಾರವೇ.

ಮೊನ್ನೆ ತ್ರಿವಿಕ್ರಮನ ಮನೆಗೆ ಊಟಕ್ಕೆ ಹೋಗಿದ್ದೆವು. ಚಾಮುಂಡಿ ಕೋಲೂರಿಕೊಂಡು ಬಂದು, ಸಾರಿಗೆ ಉಪ್ಪು ಕಡಿಮೆ ಎಂದಳು. ಗಾನವಿ ಆ ಫೋಟೋವನ್ನು ದೊಡ್ಡದು ಮಾಡಿಸಿ ದೇವರ ಕೋಣೆಯ ಪಕ್ಕದ ಗೋಡೆಗೆ ಹಾಕಿದ್ದಾಳೆ. ಇಷ್ಟು ಕೆಟ್ಟ ಮುಖದ ಫೋಟೋ ಯಾಕಮ್ಮ, ನಗುತ್ತಿರುವುದು ಒಂದೂ ಸಿಗಲಿಲ್ಲವೇ ಎಂದು ನಾನು ಕೇಳಿದೆ.

ಗಾನವಿ ಬಡಿಸುವುದನ್ನು ನಿಲ್ಲಿಸದೆ ಹೇಳಿದಳು. "ಅದು ಇವ್ರ ಫೋಟೋ ಅಲ್ಲ ಅಕ್ಕ. ತೆಗೆದೋರ ನೆನಪಿಗೆ ಹಾಕಿರೋದು."

ಚಾಮುಂಡಿ ಇನ್ನೊಂದು ಸೌಟು ಸಾರು ಹಾಕಿಸಿಕೊಂಡಳು. ಉಪ್ಪಿನ ವಿಷಯ ಮತ್ತೆ ಎತ್ತಲಿಲ್ಲ.