ಬಹುವಚನದ ಗಯಾಸ್ ಮೇಷ್ಟ್ರು

ಎಂಬತ್ತರ ದಶಕದಲ್ಲಿ ಆರ್.ಟಿ. ನಗರದ ಟ್ಯುಟೋರಿಯಲ್ ಒಂದರಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದ ಗಯಾಸ್ ಮೇಷ್ಟ್ರಿಗೆ ಲ್ಯಾಟಿನ್ ಮೂಲದ ಪದಗಳ ಬಹುವಚನ ಬಂತೆಂದರೆ ಕೈಕಾಲು ಆಡುತ್ತಿರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದರೆ ಬಡ್ತಿ ಸಿಗುತ್ತದೆಂದು ಜಾಲಹಳ್ಳಿಯ ಕಾರ್ಖಾನೆಗಳಿಂದ ಪಾಳಿ ಮುಗಿಸಿ ಬರುತ್ತಿದ್ದ ಸಂಸಾರಸ್ಥರೇ ಅವರ ವಿದ್ಯಾರ್ಥಿಗಳು. ಬ್ಯಾಕ್ಟೀರಿಯಂ ಒಂದು, ಬ್ಯಾಕ್ಟೀರಿಯಾ ಹಲವು ಎಂದು ಮೇಷ್ಟ್ರು ಧೈರ್ಯವಾಗಿ ಬರೆಯುವರು. ಸ್ಟೇಡಿಯಂ ಎದುರಾದರೆ ಸೀಮೆಸುಣ್ಣ ನಿಂತುಬಿಡುವುದು. ಸ್ಟೇಡಿಯಾ ಎಂದು ಬರೆದು ಒರೆಸುವರು, ಸ್ಟೇಡಿಯಂಸ್ ಎಂದು ಬರೆದು ಅದನ್ನೂ ಅರ್ಧ ಒರೆಸುವರು. “ಸಿಲಬಸ್ ಓಗಿ ಸಿಲಬೈ ಆದ್ರೆ, ಯಶವಂತಪುರ ಡಿಪೋದಾಗೆ ನಿಂತಿರೋವೆಲ್ಲ ಬೈ ಏನ್ ಸಾ?” ಎಂದು ಲೇತ್ ಕೆಲಸದ ಬ್ಯಾಟರಾಯಪ್ಪ ಕೆಣಕುವನು. “ಬಸ್ಸು ನಮ್ದು ಕಣ್ರೀ, ಅದನ್ನ ಬಿಟ್ಬಿಡಿ” ಎಂದು ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುವರು. ಪರೀಕ್ಷೆಯ ದಿನ ಬೆಳಗಿನ ಪೇಪರ್ ಮುಗಿಯುವ ಹೊತ್ತಿಗೆ ಅವರು ಪರೀಕ್ಷಾ ಕೇಂದ್ರದ ಗೇಟಿನಲ್ಲಿ ಇರಲೇಬೇಕು. ಬರೆದದ್ದು ತಪ್ಪೆಂದು ಹೊಳೆದರೆ ಸಾಕು, ಈ ವಯಸ್ಸಿನವರು ಮಧ್ಯಾಹ್ನದ ಪೇಪರಿಗೆ ಕೂರದೆ ಮನೆಗೆ ಹೋಗಿಬಿಡುತ್ತಾರೆ. ಮತ್ತೆ ಪರೀಕ್ಷೆ ಕಟ್ಟುವುದಿಲ್ಲ. ಒಂದು ವರ್ಷ ಬ್ಯಾಟರಾಯಪ್ಪ ಹೊರಗೆ ಬಂದವನೇ ಸೈಕಲ್ಲಿನ ಬೀಗ ತೆಗೆದ. “ಆಲ್ಬಂಗೆ ಆಲ್ಬಾ ಅಂತ ಬರ್ದ್ಬಿಟ್ಟೆ ಸಾ. ಎಲ್ರೂ ಆಲ್ಬಂಸ್ ಅಂತಾವ್ರೆ. ನಂಗ್ಯಾಕೆ ಬಡ್ತಿ, ಓಗ್ತೀನಿ.” ಮೇಷ್ಟ್ರು ಕ್ಯಾರಿಯರ್ ಹಿಡಿದು ನಿಲ್ಲಿಸಿ, ತಮ್ಮ ಊಟದ ಡಬ್ಬಿಯನ್ನು ಅವನ ಕೈಗಿತ್ತರು. “ಆಲ್ಬಾನೇ ಸರಿ. ಉಂಡು ಒಳಗೆ ನಡೀರಿ.” ಅನುಮಾನವೇ ಇಲ್ಲದ ದನಿಯಲ್ಲಿ ಅವರು ಹೇಳಿದ ಆ ಒಂದು ಬಹುವಚನ ತಪ್ಪೆಂದು ಅವರಿಗೆ ಗೊತ್ತಿತ್ತು. ಬ್ಯಾಟರಾಯಪ್ಪ ಸೈಕಲ್ಲಿಗೆ ಮತ್ತೆ ಬೀಗ ಹಾಕಿದ.